ಹಳೇ 13, ಈಗಿನ 50: ಚಿತ್ರದುರ್ಗ–ಹೊಸಪೇಟೆ ಹೆದ್ದಾರಿಯ ದಾರಿ, ಅಗಲೀಕರಣ, ಹಳತು ಹೊಸತು ಕೂಡುವ ಜಾಗಗಳು

ಚಂದ್ರವಳ್ಳಿ

ದುರ್ಗದಿಂದ ಹೊಳಲ್ಕೆರೆ ಕಡೆ ಫಲಕದಲ್ಲಿ 369 ಅಂತಿದೆ, ಹೊಸಪೇಟೆ ಕಡೆ 50 ಅಂತಿದೆ. ಹಳೇ ಕ್ರಯಪತ್ರಗಳ ಚೆಕ್ಕುಬಂದಿಯಲ್ಲಿ ಮಾತ್ರ ಎರಡೂ ಕಡೆ "ರಾಷ್ಟ್ರೀಯ ಹೆದ್ದಾರಿ 13" ಅಂತಲೇ ಬರೆದಿರುತ್ತೆ. ಇದು ಒಂದೇ ರಸ್ತೆಯಾ, ಬೇರೆಬೇರೆಯಾ? ಇನ್ನೊಂದು ಪ್ರಶ್ನೆ: ಒಂದೇ ಹೆದ್ದಾರಿಯನ್ನ ಯಾಕೆ ಒಂದೇ ಸಲಕ್ಕೆ ಅಗಲ ಮಾಡಲ್ಲ? ಅಗಲ ಮಾಡಿದ ಎರಡೇ ಮಳೆಗಾಲಕ್ಕೆ ಉದ್ದುದ್ದ ಬಿರುಕು ಬರೋದು, ಅಂಡರ್‌ಪಾಸ್‌ನಲ್ಲಿ ಮೊಣಕಾಲುದ್ದ ನೀರು ನಿಲ್ಲೋದು ಯಾಕೆ? ತಿಳಿದವರು ವಿವರವಾಗಿ ಬರೀರಿ.

ಕೋಟೆಬಾಗಿಲು

ಒಂದೇ ರಸ್ತೆಯ ತುಂಡುಗಳು ಮೇಡಂ. ಹಳೇ 13 ಸೊಲ್ಲಾಪುರದಲ್ಲಿ ಶುರುವಾಗಿ ವಿಜಯಪುರ, ಹುನಗುಂದ, ಇಳಕಲ್, ಕುಷ್ಟಗಿ, ಹೊಸಪೇಟೆ, ಮರಿಯಮ್ಮನಹಳ್ಳಿ, ಕೂಡ್ಲಿಗಿ, ಕಾನಹೊಸಹಳ್ಳಿ, ಚಿತ್ರದುರ್ಗ, ಹೊಳಲ್ಕೆರೆ, ಚನ್ನಗಿರಿ, ಶಿವಮೊಗ್ಗ, ತೀರ್ಥಹಳ್ಳಿ ಹಾದು ಮಂಗಳೂರು ಮುಟ್ಟುತ್ತಿತ್ತು. ಒಟ್ಟು ಉದ್ದ 691 ಕಿ.ಮೀ. 2010ರಲ್ಲಿ ದೇಶದ ಎಲ್ಲ ಹೆದ್ದಾರಿಗಳಿಗೂ ಹೊಸ ಸಂಖ್ಯೆ ಕೊಟ್ಟಾಗ ಇದು ನಾಲ್ಕು ಪಾಲಾಯ್ತು. ಸೊಲ್ಲಾಪುರ–ವಿಜಯಪುರ 52ಕ್ಕೆ ಸೇರಿತು. ವಿಜಯಪುರ–ಚಿತ್ರದುರ್ಗ 50 ಆಯ್ತು. ಚಿತ್ರದುರ್ಗ–ಶಿವಮೊಗ್ಗ 369, ಶಿವಮೊಗ್ಗ–ಮಂಗಳೂರು 169.

ಸಂಖ್ಯೆ ಹಾಕಿದ ಲೆಕ್ಕ ತಿಳಿದುಕೊಂಡರೆ ಗೊಂದಲ ಇರಲ್ಲ. ಉತ್ತರ–ದಕ್ಷಿಣ ಹೋಗೋ ರಸ್ತೆಗೆ ಸರಿಸಂಖ್ಯೆ. ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಅದು ಏರುತ್ತೆ. ಅದಕ್ಕೇ 44, 48, 50, 52, 66 ಅಂತ ಬರೋದು. ಪೂರ್ವ–ಪಶ್ಚಿಮದ್ದಕ್ಕೆ ಬೆಸಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಇಳಿದಂತೆ ಏರುತ್ತೆ. ಮೂರಂಕಿ ಇದ್ದರೆ ಕವಲು ರಸ್ತೆ, ಕೊನೆಯ ಎರಡಂಕಿ ತಾಯಿರಸ್ತೆಯದ್ದು. 369 ಮತ್ತು 169 ಎರಡೂ ಶಿವಮೊಗ್ಗದಲ್ಲಿ ಹಾಯೋ 69ರ ಕವಲುಗಳು. ಚಳ್ಳಕೆರೆ, ಹಿರಿಯೂರಿನ ಮೇಲೆ ಮೈಸೂರು, ಚಾಮರಾಜನಗರಕ್ಕೆ ಹೋಗೋ 150ಎ ಇದೆಯಲ್ಲ, ಅದು ಇದೇ 50ರ ಕವಲು, ಜೇವರ್ಗಿಯಲ್ಲಿ ಒಡೆಯುತ್ತೆ.

ಚೆಕ್ಕುಬಂದಿಯಲ್ಲಿ 13 ಅಂತಿದ್ದರೆ ಅದಕ್ಕೇನೂ ಬಾಧಕವಿಲ್ಲ. ಆದರೆ ಹಳೇ ಕಿ.ಮೀ. ಅಂಕಿ ಬರೆದಿದ್ದರೆ ಹುಷಾರು. 13ರ ಎಣಿಕೆ ಸೊಲ್ಲಾಪುರದಿಂದ ಶುರು: ಹುನಗುಂದ ಸುಮಾರು 202, ಹೊಸಪೇಟೆ 299, ಚಿತ್ರದುರ್ಗದ ಹತ್ತಿರ 418. ಹೊಸ ಕಲ್ಲಿನ ಅಂಕಿಗೂ ಇದಕ್ಕೂ ತಾಳೆ ಹಾಕೋಕೆ ಹೋದರೆ ಊರೇ ಬದಲಾಗಿಬಿಡುತ್ತೆ.

ಬೆಣ್ಣೆನಗರಿ

ಒಂದು ಸೇರ್ಪಡೆ. 50 ವಿಜಯಪುರಕ್ಕೇ ನಿಲ್ಲಲ್ಲ. ಸಿಂದಗಿ, ಜೇವರ್ಗಿ, ಕಲಬುರಗಿ, ಹುಮನಾಬಾದ್, ಬೀದರ್, ಔರಾದ್ ದಾಟಿ ಮಹಾರಾಷ್ಟ್ರದ ದೇಗಲೂರು, ನಾಂದೇಡ್‌ವರೆಗೂ ಹೋಗುತ್ತೆ. ವಿಜಯಪುರದಿಂದ ಹುಮನಾಬಾದ್‌ವರೆಗಿನದು ಹಿಂದೆ 218 ಆಗಿತ್ತು.

ಕೋಟೆಬಾಗಿಲು

ಸರಿಯಾಗಿ ಹೇಳಿದ್ರಿ. ದಕ್ಷಿಣದ ತುದಿ ನಮ್ಮ ದುರ್ಗ, 48 ಸೇರುವ ಜಾಗ.

ಎರಡನೇ ಪ್ರಶ್ನೆಗೆ ಬರ್ತೀನಿ. ಅಗಲೀಕರಣ ಉತ್ತರದಿಂದ ದಕ್ಷಿಣಕ್ಕೆ ಇಳಿದು ಬಂತು. ಮೊದಲು ವಿಜಯಪುರ–ಹುನಗುಂದ, ಸುಮಾರು 97 ಕಿ.ಮೀ. ಆಮೇಲೆ ಹುನಗುಂದ–ಹೊಸಪೇಟೆ, ಹೆಚ್ಚುಕಡಿಮೆ ಅಷ್ಟೇ ಉದ್ದ. ಅದಾದ ಮೇಲೆ ಹೊಸಪೇಟೆ–ಚಿತ್ರದುರ್ಗ, ಸುಮಾರು 120 ಕಿ.ಮೀ. ಒಂದೊಂದು ತುಂಡಿಗೂ ಬೇರೆ ಗುತ್ತಿಗೆ, ಬೇರೆ ಹಣದ ವ್ಯವಸ್ಥೆ, ಬೇರೆ ಭೂಸ್ವಾಧೀನ. ನೂರು ಕಿ.ಮೀ. ಆಸುಪಾಸು ಇದ್ದರೆ ಒಬ್ಬ ಗುತ್ತಿಗೆದಾರ ಎರಡೂವರೆ ಮೂರು ವರ್ಷದಲ್ಲಿ ಎತ್ತಬಲ್ಲ ಕೆಲಸ, ಮಧ್ಯೆ ಒಂದೆರಡು ಟೋಲ್ ಕೂರಿಸೋಕೂ ಲೆಕ್ಕ ಸರಿಹೋಗುತ್ತೆ. ಹಾಗಾಗಿ ತುಂಡು ಮಾಡ್ತಾರೆ.

48ರಲ್ಲೂ ಇದೇ ಕ್ರಮ. ಸುವರ್ಣ ಚತುಷ್ಪಥ ಯೋಜನೆಯಲ್ಲಿ ನಾಲ್ಕು ಪಥ ಆದ ಮೇಲೆ, ಆರು ಪಥಕ್ಕೆ ತುಮಕೂರು–ಚಿತ್ರದುರ್ಗ (ಕಿ.ಮೀ. 75ರಿಂದ 189) ಒಂದು ತುಂಡು, ಚಿತ್ರದುರ್ಗ ಬೈಪಾಸ್ ಸೇರಿಸಿ ದಾವಣಗೆರೆವರೆಗೆ (189ರಿಂದ 260) ಇನ್ನೊಂದು, ಮುಂದೆ ಹಾವೇರಿಗೆ ಒಂದು, ಹುಬ್ಬಳ್ಳಿಗೆ ಒಂದು. ಮೊದಲನೆಯದು ಗುತ್ತಿಗೆದಾರರೇ ಟೋಲ್ ಎತ್ತುವ ಪದ್ಧತಿಯದು. ಎರಡನೆಯದು ಹ್ಯಾಮ್ (ಹೈಬ್ರಿಡ್ ಆನ್ಯುಟಿ ಮಾಡೆಲ್): ಕಟ್ಟುವಾಗ ಸರ್ಕಾರ ಶೇ. 40 ಕೊಡುತ್ತೆ, ಉಳಿದ ಶೇ. 60 ವರ್ಷಕ್ಕೆರಡು ಕಂತಿನಂತೆ 15 ವರ್ಷ. ಟೋಲ್ ಹಣ ಹೆದ್ದಾರಿ ಪ್ರಾಧಿಕಾರಕ್ಕೆ ಹೋಗುತ್ತೆ, ನಿರ್ವಹಣೆ ಗುತ್ತಿಗೆದಾರನ ಹೊಣೆ.

ಹತ್ತುಚಕ್ರ

ಯಾವಾಗ ಎರಡು ಪಥ ಸಾಲದು ಅಂತ ತೀರ್ಮಾನ ಮಾಡ್ತಾರೆ? ಲಾರಿ ಎಷ್ಟು ಓಡಾಡ್ತವೆ ಅಂತ ಎಣಿಸೋರು ವರ್ಷಕ್ಕೆ ಒಂದೆರಡು ಸಲ ಕಾಣ್ತಾರೆ.

ಜೆಲ್ಲಿಲೆವೆಲ್

ಆ ಎಣಿಕೆಯೇ ಆಧಾರ ಅಣ್ಣಾ. ಏಳು ದಿನ, 24 ಗಂಟೆ, ಎರಡೂ ದಿಕ್ಕು. ಆಮೇಲೆ ಎಲ್ಲ ವಾಹನವನ್ನೂ ಕಾರಿನ ಲೆಕ್ಕಕ್ಕೆ ಇಳಿಸ್ತಾರೆ: ಕಾರು 1, ಬೈಕು ಅರ್ಧ, ಲಾರಿ ಅಥವಾ ಬಸ್ಸು 3, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ನಾಲ್ಕೂವರೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಎಣಿಸಿದರೆ ಮತ್ತು ಬೇಸಿಗೆಯಲ್ಲಿ ಎಣಿಸಿದರೆ ದಾವಣಗೆರೆ ಸುತ್ತ ಅಂಕಿ ಬೇರೆಯಾಗೋದು ಅದಕ್ಕೇ. ಋತುಮಾನದ ತಿದ್ದುಪಡಿ ಹಾಕದಿದ್ದರೆ ವಿನ್ಯಾಸವೇ ತಪ್ಪು.

ಈ ಕಾರಿನ ಲೆಕ್ಕದಲ್ಲಿ ದಿನಕ್ಕೆ 10,000 ದಾಟಿದರೆ ನಾಲ್ಕು ಪಥ ಪರಿಗಣಿಸಬಹುದು ಅಂತ 2014ರ ತೀರ್ಮಾನ. ಅದಕ್ಕಿಂತ ಕಮ್ಮಿ ಇದ್ದರೆ ಏಳು ಮೀಟರ್ ರಸ್ತೆಯ ಎರಡೂ ಮಗ್ಗುಲಿಗೆ ಒಂದೂವರೆ ಮೀಟರ್ ಡಾಂಬರಿನ ಭುಜ (ಅಂಚಿನ ಪಟ್ಟಿ) ಕಟ್ಟಿ ಒಟ್ಟು ಹತ್ತು ಮೀಟರ್ ಮಾಡ್ತಾರೆ. ನನ್ನ ಮಟ್ಟಿಗೆ ಖರ್ಚಿಗೆ ಹೋಲಿಸಿದರೆ ಅತಿ ಹೆಚ್ಚು ಜೀವ ಉಳಿಸೋ ಕೆಲಸ ಇದು. ಕೆಟ್ಟು ನಿಂತ ಲಾರಿ, ಸೈಕಲ್ಲು, ಕುರಿಮಂದೆ ಎಲ್ಲಕ್ಕೂ ಜಾಗ ಸಿಗುತ್ತೆ. ನಾಲ್ಕು ಪಥ ಬರೋವರೆಗೆ ಕಾಯ್ತಾ ಇದನ್ನೂ ಮಾಡದೆ ಬಿಡೋದು ದೊಡ್ಡ ತಪ್ಪು.

ಲಾರಿಯ ಸಂಖ್ಯೆ ಅಗಲ ತೀರ್ಮಾನಿಸುತ್ತೆ, ಲಾರಿಯ ತೂಕ ದಪ್ಪ ತೀರ್ಮಾನಿಸುತ್ತೆ. ಲೆಕ್ಕದ ಮಾನಕ 8.16 ಟನ್‌ನ ಒಂದು ಅಚ್ಚು (ಆಕ್ಸಲ್). ಹಾನಿ ತೂಕದ ನಾಲ್ಕನೇ ಘಾತದಲ್ಲಿ ಏರುತ್ತೆ. 10.2 ಟನ್ ಅಚ್ಚು ಒಂದು ಸಲ ಹಾದರೆ ಮಾನಕ ಅಚ್ಚು ಸುಮಾರು ಎರಡೂವರೆ ಸಲ ಹಾದಂತೆ. 2018ರಲ್ಲಿ ಮಿತಿಯನ್ನ 11.5 ಟನ್‌ಗೆ ಏರಿಸಿದರು, ಅದು ಹೆಚ್ಚುಕಡಿಮೆ ನಾಲ್ಕು ಸಲಕ್ಕೆ ಸಮ. ಮಿತಿ ಮೀರಿ ಅಚ್ಚಿಗೆ 16 ಟನ್ ಬಿದ್ದರೆ ಹದಿನೈದರ ಆಸುಪಾಸು. ಅದಿರಿನ ಲಾರಿಗಳು ಜೋರಾಗಿ ಓಡಿದ ವರ್ಷಗಳಲ್ಲಿ ಹೊಸಪೇಟೆ ಸುತ್ತಿನ ಹಳೇ ಎರಡು ಪಥದ ರಸ್ತೆ ಪೂರ್ತಿ ಎದ್ದುಹೋದದ್ದು ಈ ಲೆಕ್ಕದಿಂದಲೇ. ಡಾಂಬರು ಕಳಪೆ ಅಂತ ಬೈದವರು ಬಹಳ, ಅಡಿಪಾಯವೇ ಆ ತೂಕಕ್ಕೆ ಕಟ್ಟಿದ್ದಲ್ಲ.

ಹತ್ತುಚಕ್ರ

ಹಂಗಾದ್ರೆ ಟೋಲ್ ಹತ್ತಿರ, ಏರಿನ ಜಾಗದಲ್ಲಿ ಮಾತ್ರ ಚಕ್ರದ ಗುಂಟ ಕಾಲುವೆ ಬೀಳೋದು ಯಾಕೆ? ತೂಕ ಎಲ್ಲ ಕಡೆ ಒಂದೇ ಅಲ್ವ.

ಜೆಲ್ಲಿಲೆವೆಲ್

ತೂಕ ಒಂದೇ, ವೇಗ ಬೇರೆ. ಬಿಸಿಲಿಗೆ ಕಾದ ಡಾಂಬರು ಜೇನಿನಂತೆ. ಸರ್ರನೆ ಹಾದುಹೋದರೆ ತಡೆಯುತ್ತೆ, ಮೇಲೆ ನಿಂತರೆ ಸರಿಯುತ್ತೆ. ಟೋಲ್ ಕಟ್ಟೆಯ ಮುಂದೆ ಕಾಂಕ್ರೀಟ್ ಹಾಕೋದು ಇದಕ್ಕೆ. ಕಾಂಕ್ರೀಟ್ ಮುಗಿದು ಡಾಂಬರು ಶುರುವಾಗೋ ಗೆರೆಯನ್ನ ಗಮನಿಸಿ, ಅಲ್ಲೇ ಮೊದಲು ಗುಂಡಿ ಬೀಳೋದು. ಒಂದು ಗಟ್ಟಿ, ಒಂದು ಮೆದು, ನಡುವೆ ನೀರು ಇಳಿಯೋ ಸಂದು. ಏರಿನ ಪಥಕ್ಕೆ ಗಟ್ಟಿ ದರ್ಜೆಯ ವಿಜಿ-40 ಡಾಂಬರು ಹಾಕಿದರೆ ವಿಜಿ-30ಕ್ಕಿಂತ ಚೆನ್ನಾಗಿ ತಡೆಯುತ್ತೆ. ಆದರೆ ಅದನ್ನ 150 ಡಿಗ್ರಿಗಿಂತ ಕೆಳಗೆ ಹಾಸಬಾರದು, 100 ಡಿಗ್ರಿಗೆ ಇಳಿಯೋದರೊಳಗೆ ರೋಲರ್ ಕೆಲಸ ಮುಗಿಯಬೇಕು. ತಾಡಪಾಲು ಹೊದಿಸದೆ ದೂರದ ಪ್ಲಾಂಟಿನಿಂದ ತಂದ ಲೋಡು ಟಿಪ್ಪರಿನ ಮೇಲ್ಪದರದಲ್ಲೇ ಆರಿರುತ್ತೆ. ಹಾಸಿದ ಮೇಲೆ ಅಲ್ಲಲ್ಲಿ ತರಿತರಿಯಾಗಿ ಕಾಣೋ ಮಚ್ಚೆಗಳು ಅವೇ, ಮೊದಲ ಮಳೆಗೆ ಕಲ್ಲು ಬಿಡೋದೂ ಅಲ್ಲೇ.

ಭರಮಸಾಗರ ಕ್ರಾಸ್

ಚಂದ್ರವಳ್ಳಿಯವರು ಕೇಳಿದ ಉದ್ದದ ಬಿರುಕಿನ ಬಗ್ಗೆ ಯಾರೂ ಹೇಳಲಿಲ್ಲ. ಹಳೇ ರಸ್ತೆಯ ಅಂಚು ಎಲ್ಲಿತ್ತೋ ಅದೇ ಗೆರೆಯಲ್ಲಿ ದಾರ ಹಿಡಿದಂತೆ ಸೀಳುತ್ತೆ.

ಜೆಲ್ಲಿಲೆವೆಲ್

ನಿಮ್ಮ ಮಾತಿನಲ್ಲೇ ಉತ್ತರ ಇದೆ ಸರ್. ಹಳೇ ಏರಿ (ರಸ್ತೆ ಕೆಳಗಿನ ಮಣ್ಣಿನ ದಿಬ್ಬ) ಮೂವತ್ತು ನಲವತ್ತು ವರ್ಷ ಲಾರಿ ಓಡಿ ಕೂತು ಗಟ್ಟಿಯಾಗಿರುತ್ತೆ. ಪಕ್ಕಕ್ಕೆ ಸುರಿದ ಹೊಸ ಮಣ್ಣು ಇನ್ನೂ ಕೂರಬೇಕು. ಅದು ಒಂದಿಂಚು ಕೂತರೂ ಎರಡರ ನಡುವೆ ಸೀಳು. ಸರಿಯಾಗಿ ಮಾಡೋ ವಿಧಾನ ಬರೀತೀನಿ.

ಹಳೇ ಏರಿಯ ಇಳಿಜಾರಿನ ಮೇಲಿನ ಹುಲ್ಲು, ಬೇರು, ಸಡಿಲ ಮಣ್ಣು ಪೂರ್ತಿ ಕೆರೆದು ತೆಗೀಬೇಕು. ಆಮೇಲೆ ಇಳಿಜಾರನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಡೀಬೇಕು, ಒಂದೊಂದು ಮೆಟ್ಟಿಲು ಕನಿಷ್ಠ 300 ಮಿ.ಮೀ. ಅಗಲ. ಹೊಸ ಮಣ್ಣನ್ನ ಒತ್ತಿದ ಮೇಲೆ 200 ಮಿ.ಮೀ. ಮೀರದ ಪದರಗಳಲ್ಲಿ, ಪ್ರತಿ ಪದರಕ್ಕೂ ಹದದ ನೀರು ಹಾಕಿ, ಮೆಟ್ಟಿಲಿಗೆ ಕಚ್ಚಿಸಿ ಏರಿಸಬೇಕು. ಏರಿಗೆ ಪ್ರಯೋಗಾಲಯದ ಗರಿಷ್ಠ ಸಾಂದ್ರತೆಯ ಶೇ. 95, ಮೇಲಿನ ಅರ್ಧ ಮೀಟರಿಗೆ ಶೇ. 97.

ತಪ್ಪೋದು ಎಲ್ಲಿ ಅಂದ್ರೆ, ಸೇರಿಸೋ ಪಟ್ಟಿ ಒಂದೂವರೆ ಮೀಟರ್ ಮಾತ್ರ ಇರುತ್ತೆ, ರೋಲರಿನ ಉರುಳೆ ಎರಡು ಮೀಟರ್ ದಾಟಿರುತ್ತೆ. ರೋಲರ್ ಒಂದು ಚಕ್ರ ಹಳೇ ಗಟ್ಟಿ ರಸ್ತೆಯ ಮೇಲೆ ಕೂತು ಹೋಗುತ್ತೆ, ಪಕ್ಕದ ಹೊಸ ಮಣ್ಣಿಗೆ ಭಾರವೇ ಬೀಳಲ್ಲ. ಅಂಥ ಕಡೆ ಹಳೇ ರಸ್ತೆಯನ್ನೇ ಒಳಗೆ ಕಡಿದು ರೋಲರಿಗೆ ಪೂರ್ತಿ ಅಗಲ ಮಾಡಿಕೊಡಬೇಕು, ಇಲ್ಲ ಅಂದ್ರೆ ಚಿಕ್ಕ ಪ್ಲೇಟ್ ಕಾಂಪ್ಯಾಕ್ಟರ್‌ನಲ್ಲಿ ತೆಳು ಪದರವಾಗಿ ಮಾಡಬೇಕು. ಎರಡೂ ನಿಧಾನದ ಕೆಲಸ, ಹಾಗಾಗಿ ಬಿಡ್ತಾರೆ.

ಡಾಂಬರಿನ ಪದರದಲ್ಲೂ ಅಷ್ಟೇ. ಕೆಳಪದರದ ಉದ್ದದ ಸಂದಿಗೂ ಮೇಲ್ಪದರದ ಸಂದಿಗೂ ಕನಿಷ್ಠ 300 ಮಿ.ಮೀ. ಅಂತರ ಇರಬೇಕು, ಒಂದರ ಮೇಲೊಂದು ಬರಬಾರದು. ಮೇಲ್ಪದರದ ಸಂದು ಪಥದ ಬಿಳಿಗೆರೆಯಲ್ಲಿ ಬರಬೇಕು, ಚಕ್ರ ಓಡೋ ಜಾಡಿನಲ್ಲಿ ಬರಬಾರದು. ಹಳೇ ಅಂಚನ್ನ ನೆಟ್ಟಗೆ ಕತ್ತರಿಸಿ, ಆ ಮುಖಕ್ಕೂ ಟ್ಯಾಕ್ ಕೋಟ್ (ಪದರ ಅಂಟಿಸೋ ತೆಳು ಡಾಂಬರು) ಬಳೀಬೇಕು. ನೆಲಕ್ಕೆ ಮಾತ್ರ ಚಿಮುಕಿಸಿ ಮುಖ ಬಿಟ್ಟರೆ ಅದೇ ನೀರಿನ ದಾರಿ.

ಬೆಣ್ಣೆನಗರಿ

ಇದು ಕೆಂಪು ಮಣ್ಣಿನ ಲೆಕ್ಕ ಆಯ್ತು. ದಾವಣಗೆರೆ–ಹರಿಹರದ ಎರೆ ನೆಲಕ್ಕೆ, ಹುನಗುಂದ–ವಿಜಯಪುರದ ಕಡೆಗೆ ಇಷ್ಟು ಸಾಲದಲ್ಲ?

ಜೆಲ್ಲಿಲೆವೆಲ್

ಸಾಲದು. ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಾಯಿ ಬಿಡುತ್ತೆ. ರಸ್ತೆಯ ನಡುವಿನ ಮಣ್ಣು ಡಾಂಬರಿನ ಕೆಳಗೆ ಒಂದೇ ಹದದಲ್ಲಿರುತ್ತೆ, ಅಂಚಿನದು ಮಾತ್ರ ಪ್ರತಿ ವರ್ಷ ಒದ್ದೆಯಾಗಿ ಒಣಗುತ್ತೆ. ಹಾಗಾಗಿ ಅಂಚೇ ಏಳೋದು, ಬೀಳೋದು. ಎರೆಯ ಮೇಲೆ ಉಬ್ಬದ ಮೊರಂ ಮಣ್ಣನ್ನ ಕನಿಷ್ಠ 60 ಸೆಂ.ಮೀ.ನಿಂದ ಒಂದು ಮೀಟರ್ ಹಾಕಬೇಕು, ರಸ್ತೆಯ ಪದರಗಳ ಕೆಳಗೆ 225 ಮಿ.ಮೀ. ಮರಳು ಅಥವಾ ಜಿಗುಟಿಲ್ಲದ ಮೊರಂ ಹಾಸು ಬೇಕು. ಮೊರಂ ದೂರದಿಂದ ತರೋದಾದರೆ ಎರೆಗೇ ಸುಣ್ಣ ಬೆರೆಸಿ ಹದ ಮಾಡಬಹುದು. ಆದರೆ ಹೆಂಟೆ ಒಡೆದು ಪುಡಿ ಮಾಡದೆ ಸುಣ್ಣ ಚೆಲ್ಲಿದರೆ ಹೆಂಟೆಯ ಮೈಗೆ ಮಾತ್ರ ಬಿಳಿ, ಒಳಗೆ ಅದೇ ಎರೆ.

ಅಂಚಿನ ಚರಂಡಿ ರಸ್ತೆಗೆ ತೀರಾ ಹತ್ತಿರ ತೋಡಿದರೆ ಹಾನಿಯೇ ಹೆಚ್ಚು. ನಿಂತ ನೀರು ಸೀದಾ ಏರಿಯ ಬುಡಕ್ಕೆ ಇಳಿಯುತ್ತೆ. ಭುಜವನ್ನ ಡಾಂಬರಿನಿಂದ ಮುಚ್ಚಿ ನೀರನ್ನ ದೂರ ಹಾಯಿಸೋದು ಎರೆ ನೆಲದ ಮೊದಲ ಮದ್ದು.

ಚಂದ್ರವಳ್ಳಿ

ತುಂಬಾ ಉಪಯೋಗವಾಯ್ತು ಸರ್. ಹಳೇ ಎರಡು ಪಥದ ರಸ್ತೆಯನ್ನೇ ಹೊಸದರ ಒಂದು ಬದಿ ಮಾಡಿಕೊಳ್ತಾರಲ್ಲ, ಮಳೆ ಬಂದಾಗ ಆ ಬದಿಯಲ್ಲೇ ಮೀಡಿಯನ್ (ನಡುವಿನ ವಿಭಜಕ) ಗುಂಟ ನೀರು ನಿಲ್ಲುತ್ತೆ. ಹೊಸದಾಗಿ ಕಟ್ಟಿದ ಬದಿ ಒಣಗಿರುತ್ತೆ. ಯಾಕೆ?

ಜೆಲ್ಲಿಲೆವೆಲ್

ಒಳ್ಳೇ ಗಮನ ಮೇಡಂ. ಎರಡು ಪಥದ ರಸ್ತೆ ಆಮೆ ಬೆನ್ನಿನಂತೆ: ನಡುವೆ ಉಬ್ಬು, ಎರಡೂ ಕಡೆ ಇಳಿಜಾರು. ಶೇ. 2.5 ಇಳಿಜಾರಿಗೆ ಮೂರೂವರೆ ಮೀಟರಿನಲ್ಲಿ ನಡು 87.5 ಮಿ.ಮೀ. ಎತ್ತರ. ಅದೇ ರಸ್ತೆ ನಾಲ್ಕು ಪಥದ ಒಂದು ಬದಿಯಾದಾಗ ಏಳು ಮೀಟರೂ ಒಂದೇ ಕಡೆ, ಅಂದ್ರೆ ಹೊರಕ್ಕೆ ಬಾಗಬೇಕು. ಹೊರಗಿನ ಅರ್ಧ ಇದ್ದಂತೆಯೇ ಸರಿ. ಮೀಡಿಯನ್ ಕಡೆಯ ಅರ್ಧವನ್ನ ನಡುವಿನಲ್ಲಿ ಸೊನ್ನೆಯಿಂದ ಶುರುಮಾಡಿ ಒಳ ಅಂಚಿನಲ್ಲಿ 175 ಮಿ.ಮೀ.ವರೆಗೆ ಎತ್ತಬೇಕು. ಆ ಬೆಣೆಯಾಕಾರದ ತುಂಬುವಿಕೆಗೆ ಬೇಕಾಗೋ ಡಾಂಬರು ಮಿಶ್ರಣ ಕಿಲೋಮೀಟರಿಗೆ ಮುನ್ನೂರು ಘನ ಮೀಟರ್ ಮೀರುತ್ತೆ, ಏಳುನೂರು ಟನ್‌ಗೂ ಹೆಚ್ಚು. ಹೋಲಿಕೆಗೆ ಹೇಳ್ತೀನಿ: ಎಂಟೂವರೆ ಮೀಟರ್ ಅಗಲಕ್ಕೆ 40 ಮಿ.ಮೀ. ಮೇಲ್ಪದರ ಹಾಸಿದರೆ ಕಿಲೋಮೀಟರಿಗೆ 340 ಘನ ಮೀಟರ್, ಎಂಟುನೂರು ಟನ್ ಚಿಲ್ಲರೆ. ಅಂದ್ರೆ ಕಣ್ಣಿಗೆ ಕಾಣದ ಆ ಬೆಣೆ, ಮೇಲೆ ಮಿರಿಮಿರಿ ಮಿಂಚೋ ಪದರಕ್ಕೆ ಹತ್ತಿರ ಹತ್ತಿರ ಸಮ. ಅದರಲ್ಲಿ ಉಳಿಸಿದರೆ ಮೀಡಿಯನ್ ಗುಂಟ ನೀರು ನಿಲ್ಲದೆ ಇನ್ನೇನು.

ತಿರುವಿನಲ್ಲಿ ಕಥೆ ಬೇರೆ. ಅಲ್ಲಿ ಇಡೀ ರಸ್ತೆ ತಿರುವಿನ ಒಳಗಡೆಗೆ ಬಾಗಿರುತ್ತೆ, ಆದ್ದರಿಂದ ಹೊರಬದಿಯ ರಸ್ತೆಯ ನೀರೆಲ್ಲ ಮೀಡಿಯನ್‌ಗೆ ಬರುತ್ತೆ. ಅಲ್ಲಿ ಮೀಡಿಯನ್ ಚರಂಡಿ, ಅಡ್ಡ ಪೈಪು ಇರಲೇಬೇಕು. ಇದ್ದರೂ ಕಣಗಿಲೆ ಗಿಡಕ್ಕೆ ಅಂತ ಮಣ್ಣನ್ನ ಕಲ್ಲಿನ ಅಂಚಿಗಿಂತ ಮೇಲೆ ತುಂಬಿ ಪೈಪಿನ ಬಾಯಿ ಮುಚ್ಚಿರ್ತಾರೆ. ಮಣ್ಣು ಅಂಚಿಗಿಂತ ನಾಲ್ಕು ಬೆರಳು ತಗ್ಗಿರಬೇಕು.

ಭರಮಸಾಗರ ಕ್ರಾಸ್

ಆ ಗಿಡಗಳಿಗೆ ನೀರು ಬಿಡೋ ಟ್ಯಾಂಕರ್ ವೇಗದ ಪಥದಲ್ಲೇ ನಿಂತಿರುತ್ತೆ, ಹಿಂದೆ ಬಾಣದ ಗುರುತಿನ ದೀಪವೂ ಇರಲ್ಲ. ಇದನ್ನೂ ದೂರು ಕೊಡಬಹುದಾ?

ಕೋಟೆಬಾಗಿಲು

ಕೊಡಬಹುದು, ಕೊಡಲೇಬೇಕು. ವಿಧಾನ ಕೊನೆಗೆ ಬರೀತೀನಿ.

ಚಂದ್ರವಳ್ಳಿ

ಅಂಡರ್‌ಪಾಸ್ ನೀರು?

ಕೋಟೆಬಾಗಿಲು

ಹೆದ್ದಾರಿಯನ್ನ ಮೇಲೆತ್ತೋ ಬದಲು ಅಡ್ಡರಸ್ತೆಯನ್ನ ಕೆಳಗಿಳಿಸಿದರೆ ನೀರು ನಿಲ್ಲೋದು ಖಚಿತ. ಮೇಲೆತ್ತೋಕೆ ಎರಡೂ ಕಡೆ ನೂರಾರು ಮೀಟರ್ ಏರಿ ಕಟ್ಟಬೇಕು, ದುಡ್ಡು ಜಾಸ್ತಿ. ಹಾಗಾಗಿ ಅಡ್ಡರಸ್ತೆಯನ್ನ ಒಂದು ಒಂದೂವರೆ ಮೀಟರ್ ತೋಡಿ ಎತ್ತರ ಹೊಂದಿಸ್ತಾರೆ. ಆಮೇಲೆ ಅದರ ನೆಲ ಹತ್ತಿರದ ಹಳ್ಳಕ್ಕಿಂತ ತಗ್ಗಾಗುತ್ತೆ. ಚರಂಡಿ ಕಟ್ಟಿದರೂ ನೀರು ಹೋಗೋಕೆ ಇಳಿಜಾರು ಎಲ್ಲಿದೆ? ಪಂಪು ಇಟ್ಟರೆ ಕರೆಂಟು ಹೋದ ದಿನವೇ ಮಳೆ.

ಅಳತೆಗಳು ತಿಳಿದಿರಲಿ. ಈಗಿನ ಕೈಪಿಡಿ ಪ್ರಕಾರ ದೊಡ್ಡ ವಾಹನದ ಅಂಡರ್‌ಪಾಸ್ 20 ಮೀಟರ್ ಅಗಲ, 5.5 ಮೀಟರ್ ಎತ್ತರ. ಹಗುರ ವಾಹನದ್ದು 12 ಮೀಟರ್ ಅಗಲ, 4 ಎತ್ತರ. ಅದಕ್ಕೂ ಚಿಕ್ಕದು 7 ಮೀಟರ್ ಅಗಲ, 4 ಎತ್ತರ. ನಿಮ್ಮೂರಿಗೆ "ಅಂಡರ್‌ಪಾಸ್ ಕೊಡ್ತೀವಿ" ಅಂದ್ರೆ ಯಾವುದು ಅಂತ ಕೇಳಿ. ಹುಲ್ಲು ಹೇರಿದ ಟ್ರ್ಯಾಕ್ಟರ್, ಬಸ್ಸಿನ ಮೇಲಿನ ಲಗೇಜು, ಭತ್ತ ಕೊಯ್ಯೋ ಯಂತ್ರ ಇವೆಲ್ಲ 4 ಮೀಟರಿನಲ್ಲಿ ತಲೆ ತಗ್ಗಿಸಿ ಹೋಗಲ್ಲ. ಬಸ್ಸು ಬರಲ್ಲ ಅಂದ್ರೆ ಊರಿನ ಸ್ಟಾಪೇ ಹೆದ್ದಾರಿ ಮೇಲಕ್ಕೆ ಹೋಗುತ್ತೆ, ಶಾಲೆ ಮಕ್ಕಳು ಸರ್ವಿಸ್ ರಸ್ತೆಯಿಂದ ಏರಿ ದಾಟೋಕೆ ಶುರು ಮಾಡ್ತಾರೆ.

ಕೇಳೋ ಸಮಯ ಇನ್ನೂ ಮುಖ್ಯ. ಯಾವ ಕಿ.ಮೀ.ನಲ್ಲಿ ಯಾವ ಅಳತೆಯ ಸೇತುವೆ, ಮೋರಿ, ಅಂಡರ್‌ಪಾಸ್ ಅನ್ನೋದು ಗುತ್ತಿಗೆಯ "ಷೆಡ್ಯೂಲ್ ಬಿ"ಯಲ್ಲಿ ಬರೆದಿರುತ್ತೆ. ಟೆಂಡರಿಗೆ ಮೊದಲು ಗ್ರಾಮ ಪಂಚಾಯ್ತಿ ಠರಾವು ಮಾಡಿ, ಸರ್ವೆ ನಂಬರ್ ಸಮೇತ, ದಿನಕ್ಕೆ ಎಷ್ಟು ಗಾಡಿ, ಎಷ್ಟು ಮಕ್ಕಳು ದಾಟ್ತಾರೆ ಅಂತ ಎಣಿಸಿ ಕೊಟ್ಟರೆ ಸೇರಿಸೋದು ಸುಲಭ. ಕೆಲಸ ಶುರುವಾದ ಮೇಲೆ ಕೇಳಿದರೆ ಅದು ಹೆಚ್ಚುವರಿ ಕಾಮಗಾರಿ, ಬೇರೆ ಮಂಜೂರಾತಿ, ವರ್ಷಗಟ್ಟಲೆ ವಿಳಂಬ. ಕಡತ ದೆಹಲಿಗೆ ಹೋಗಿ ಬರೋವರೆಗೆ ಊರವರು ಮೀಡಿಯನ್ ಕಲ್ಲು ಕಿತ್ತು ದಾರಿ ಮಾಡಿಕೊಳ್ತಾರೆ, ಸಾವುಗಳು ಅಲ್ಲಿ ಆಗ್ತವೆ.

ಅಡಿಕೆತೋಟ ಹೊಳಲ್ಕೆರೆ

ಜಮೀನು ಹೋಗೋರಿಗೆ ಏನು ಸಲಹೆ? ತೋಟದ ಮಧ್ಯೆ ಕಲ್ಲು ನೆಟ್ಟರೆ ಮೊದಲು ಏನು ಮಾಡಬೇಕು?

ಪಹಣಿಪತ್ರ

ಮೊದಲು ಅಳತೆ ಅರ್ಥ ಮಾಡಿಕೊಳ್ಳಿ. ಹೊರವಲಯದಲ್ಲಿ ನಾಲ್ಕು ಅಥವಾ ಆರು ಪಥಕ್ಕೆ ಸಾಮಾನ್ಯವಾಗಿ ಒಟ್ಟು 60 ಮೀಟರ್ ಪಟ್ಟಿ. ಇರೋದು 30 ಆದರೆ ಇನ್ನೂ 30 ಬೇಕು, ಅಂದ್ರೆ ಕಿಲೋಮೀಟರಿಗೆ ಏಳು ಎಕರೆ ಹದಿನಾರು ಗುಂಟೆಯಷ್ಟು. ನಿಮ್ಮ ತೋಟ ರಸ್ತೆಗೆ ನೂರು ಮೀಟರ್ ತಗುಲಿದ್ದು, ನಿಮ್ಮ ಕಡೆ 15 ಮೀಟರ್ ಹೋದರೆ ಸುಮಾರು 15 ಗುಂಟೆ.

ಕಾನೂನು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ. ಮೊದಲು ಕಲಂ 3ಎ ಅಧಿಸೂಚನೆ (ಸ್ವಾಧೀನದ ಉದ್ದೇಶ ತಿಳಿಸೋದು) ಬರುತ್ತೆ, ಎರಡು ಪತ್ರಿಕೆಯಲ್ಲಿ, ಒಂದು ಕನ್ನಡದ್ದು. ಅದು ಬಂದ 21 ದಿನದೊಳಗೆ 3ಸಿ ಪ್ರಕಾರ ಲಿಖಿತ ಆಕ್ಷೇಪಣೆ. ಈ 21 ದಿನ ಕಳೆದುಕೊಂಡವರೇ ಹೆಚ್ಚು. ಒಂದು ವರ್ಷದೊಳಗೆ 3ಡಿ (ಸ್ವಾಧೀನದ ಘೋಷಣೆ) ಬರಬೇಕು, ಬಾರದಿದ್ದರೆ 3ಎ ಬಿದ್ದುಹೋಗುತ್ತೆ. 3ಡಿ ಆದ ಕ್ಷಣ ಜಮೀನು ಸರ್ಕಾರದ್ದು. 3ಜಿಯಲ್ಲಿ ಪರಿಹಾರ ನಿರ್ಧಾರ, ಒಪ್ಪಿಗೆ ಇಲ್ಲದಿದ್ದರೆ ಮಧ್ಯಸ್ಥಗಾರರ ಮುಂದೆ, ಸಾಮಾನ್ಯವಾಗಿ ಜಿಲ್ಲಾಧಿಕಾರಿ. 2015ರಿಂದ ಪರಿಹಾರದ ಲೆಕ್ಕ 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ: ಮಾರುಕಟ್ಟೆ ಬೆಲೆಯನ್ನ ಗ್ರಾಮೀಣ ಪ್ರದೇಶಕ್ಕೆ ನಿಗದಿಯಾದ ಗುಣಾಂಕದಿಂದ ಗುಣಿಸಿ, ಮರ, ಕಟ್ಟಡದ ಬೆಲೆ ಸೇರಿಸಿ, ಅದರ ಮೇಲೆ ನೂರಕ್ಕೆ ನೂರು ಸೊಲೇಶಿಯಂ, ಅಂದ್ರೆ ಅಷ್ಟೇ ಹೆಚ್ಚುವರಿ ಹಣ.

ಕಲ್ಲು ನೆಟ್ಟ ಕೂಡಲೇ ಮಾಡೋ ಕೆಲಸ ಇವು. ಪಹಣಿಯಲ್ಲಿ ತೀರಿಕೊಂಡವರ ಹೆಸರಿದ್ದರೆ ಪೌತಿ ಖಾತೆ ಮಾಡಿಸಿ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡಿದ್ದರೆ ಪೋಡಿ ಮಾಡಿಸಿ. ಜಂಟಿ ಹೆಸರಿದ್ದರೆ ಒಬ್ಬರು ತಕರಾರು ತೆಗೆದರೂ ಹಣ ನ್ಯಾಯಾಲಯದಲ್ಲಿ ಕೂರುತ್ತೆ. ಪಹಣಿಯ ಬೆಳೆ ಕಾಲಂನಲ್ಲಿ ರಾಗಿ ಅಂತಿದ್ದು ನೆಲದ ಮೇಲೆ ಅಡಿಕೆ ಇದ್ದರೆ ತಕ್ಷಣ ತಿದ್ದಿಸಿ, ಇಲ್ಲದಿದ್ದರೆ ಒಣಭೂಮಿ ದರ ಹಿಡೀತಾರೆ. ಜಂಟಿ ಅಳತೆಯ ದಿನ ನೀವೇ ನಿಂತು ಮರಗಳನ್ನ ವಯಸ್ಸಿನ ಪ್ರಕಾರ ಎಣಿಸಿ ಬರೆಸಿ: ಫಲ ಕೊಡೋದು ಎಷ್ಟು, ಸಸಿ ಎಷ್ಟು. ಅಡಿಕೆ, ತೆಂಗಿಗೆ ತೋಟಗಾರಿಕೆ ಇಲಾಖೆ, ತೇಗದಂಥ ಮರಕ್ಕೆ ಅರಣ್ಯ ಇಲಾಖೆ, ಮನೆ, ಪಂಪ್‌ಹೌಸಿಗೆ ಲೋಕೋಪಯೋಗಿ ಇಲಾಖೆ ಬೆಲೆ ಕಟ್ಟುತ್ತೆ. ಬೋರ್‌ವೆಲ್ ರಸ್ತೆ ಪಾಲಾಗಿ ಉಳಿದ ತೋಟಕ್ಕೆ ನೀರಿಲ್ಲದಂತಾದರೆ ಆ ನಷ್ಟವನ್ನೂ ಬೇರೆಯಾಗಿ ಬರೆಸಬೇಕು. ಹನಿ ನೀರಾವರಿ ಪೈಪನ್ನ ಬಹಳ ಜನ ಮರೀತಾರೆ. ರಸ್ತೆ ಆಚೆಗೂ ಜಮೀನು ಉಳಿದರೆ, ಕೆಳಗೆ ಪೈಪು ದಾಟಿಸೋಕೆ ಕೇಸಿಂಗ್ ಬಿಡಿ ಅಂತ ಕೆಲಸ ನಡೆಯುವಾಗಲೇ ಅರ್ಜಿ ಕೊಡಿ. ಡಾಂಬರು ಬಿದ್ದ ಮೇಲೆ ಅಗೆಯೋಕೆ ಬಿಡಲ್ಲ.

ಉಳಿದ ಜಾಗದಲ್ಲಿ ಹೋಟೆಲು, ಅಂಗಡಿ ಕಟ್ಟೋ ಯೋಚನೆ ಇದ್ದರೆ ರಸ್ತೆ ನಡುವಿನಿಂದ 40 ಮೀಟರ್ ಬಿಟ್ಟೇ ಕಟ್ಟಿ. ಪರಿಹಾರದ ಹಣದಲ್ಲೇ ಕಟ್ಟಿ ಮತ್ತೆ ಒಡೆಸಿಕೊಂಡವರು ಇದ್ದಾರೆ.

ಬೆಣ್ಣೆನಗರಿ

ಬೈಪಾಸ್ ಆದ ಮೇಲೆ ಊರೊಳಗಿನ ಹಳೇ ಹೆದ್ದಾರಿ ಯಾರದ್ದು? ನಮ್ಮ ದಾವಣಗೆರೆಯಲ್ಲಿ ಪಿ.ಬಿ. ರೋಡು, ಪೂನಾ–ಬೆಂಗಳೂರು ರಸ್ತೆ, ಹೆಸರಷ್ಟೇ ಉಳಿದಿದೆ.

ಕೋಟೆಬಾಗಿಲು

ಪ್ರಾಧಿಕಾರ ಒಂದು ಸಲ ಪೂರ್ತಿ ದುರಸ್ತಿ ಮಾಡಿ ಅಥವಾ ಅದಕ್ಕೆ ಹಣ ಕೊಟ್ಟು ರಾಜ್ಯಕ್ಕೆ ಒಪ್ಪಿಸುತ್ತೆ. ಒಪ್ಪಿಸೋ ಪತ್ರ ಆಗದೆ ನಿಂತರೆ ಗುಂಡಿ ಮುಚ್ಚೋರು ಯಾರೂ ಇರಲ್ಲ. ಪಾಲಿಕೆ "ಹೆದ್ದಾರಿ" ಅನ್ನುತ್ತೆ, ಹೆದ್ದಾರಿಯವರು "ಬೈಪಾಸ್ ಇದೆಯಲ್ಲ" ಅಂತಾರೆ. ಹಸ್ತಾಂತರದ ದಿನಾಂಕವನ್ನ ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆದರೆ ಅರ್ಧ ಜಗಳ ಮುಗೀತು.

ಹತ್ತುಚಕ್ರ

ಟೋಲ್ ಬಗ್ಗೆ ಒಂದು ಮಾತು. ಗುಯಿಲಾಳು, ಹೆಬ್ಬಾಳು, ಚಳಗೇರಿ ಟೋಲ್ ಹತ್ತಿರದ ಊರಿನವರು ಸ್ವಂತ ಕಾರಿಗೆ ಸುಮ್ಮನೆ ಪೂರ್ತಿ ಹಣ ಕಟ್ತಾರೆ.

ಪಹಣಿಪತ್ರ

2008ರ ನಿಯಮದಲ್ಲಿ ಟೋಲಿನಿಂದ 20 ಕಿ.ಮೀ. ಒಳಗಿನ ವಾಣಿಜ್ಯವಲ್ಲದ ವಾಹನಕ್ಕೆ ಸ್ಥಳೀಯ ಮಾಸಿಕ ಪಾಸು ಇದೆ. ವಿಳಾಸದ ದಾಖಲೆ, ಆರ್‌ಸಿ ತೋರಿಸಿದರೆ ಸಿಗುತ್ತೆ. ದಿನವೂ ಹೋಗಿಬರೋ ಲಾರಿ, ಟೆಂಪೋಗೆ ತಿಂಗಳಿಗೆ 50 ಓಡಾಟದ ಪಾಸು, ಮೂರರಲ್ಲಿ ಎರಡು ಪಾಲು ದರಕ್ಕೆ. ಒಂದೇ ದಿನ ವಾಪಸ್ ಬಂದರೆ ಒಟ್ಟು ಒಂದೂವರೆ ಪಟ್ಟು ಮಾತ್ರ. 2025ರ ಆಗಸ್ಟ್ 15ರಿಂದ ಖಾಸಗಿ ಕಾರಿಗೆ ವಾರ್ಷಿಕ ಪಾಸು (ಶುರುವಾದಾಗ 3,000 ರೂಪಾಯಿ ಇತ್ತು), 200 ದಾಟುವಿಕೆ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ದರ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತೆ.

ಭರಮಸಾಗರ ಕ್ರಾಸ್

ತುಂಡು ತುಂಡಾಗಿ ಮಾಡೋದರ ನಿಜವಾದ ಅಪಾಯ, ಅಗಲದ ರಸ್ತೆ ಮುಗಿದು ಸಣ್ಣದು ಶುರುವಾಗೋ ಬಾಯಿ. ನೂರರ ವೇಗಕ್ಕೆ ಒಗ್ಗಿದ ಕಾಲು ಅಲ್ಲಿ ಇಳಿಯಲ್ಲ. ಹುಬ್ಬಳ್ಳಿ–ಧಾರವಾಡ ಬೈಪಾಸ್ ಸುಮಾರು 30 ಕಿ.ಮೀ. ವರ್ಷಗಟ್ಟಲೆ ಎರಡೇ ಪಥ ಉಳಿದಿತ್ತು, ಆಚೆ ಈಚೆ ಎರಡೂ ಕಡೆ ನಾಲ್ಕು ಪಥ. 2021ರ ಜನವರಿ 15ರಂದು ಇಟಿಗಟ್ಟಿ ಹತ್ತಿರ ನಮ್ಮ ದಾವಣಗೆರೆಯ ಹೆಣ್ಣುಮಕ್ಕಳಿದ್ದ ವಾಹನಕ್ಕೆ ಎದುರಿನಿಂದ ಲಾರಿ ಬಂದು ಅಪ್ಪಳಿಸಿದ್ದು ಅದೇ ರಸ್ತೆಯಲ್ಲಿ. ಅದಾದ ಮೇಲೇ ಆರು ಪಥದ ಕೆಲಸಕ್ಕೆ ಚಾಲನೆ ಸಿಕ್ತು.

ಜೆಲ್ಲಿಲೆವೆಲ್

ಇದನ್ನ ಎಷ್ಟು ಒತ್ತಿ ಹೇಳಿದರೂ ಸಾಲದು. ಪಥ ಕಮ್ಮಿಯಾಗೋ ಜಾಗಕ್ಕೆ ಬಹಳ ಮೊದಲೇ ಫಲಕ ಶುರುವಾಗಬೇಕು, ಒಂದೇ ಫಲಕ ಸಾಲದು, ಎರಡು ಮೂರು ಹಂತದಲ್ಲಿ. ವೇಗ ಮಿತಿ 100ರಿಂದ 80, 60 ಅಂತ ಮೆಟ್ಟಿಲಿಳಿಯಬೇಕು. ಪಥ ನಿಧಾನಕ್ಕೆ ಕಿರಿದಾಗಬೇಕು, ನೂರು ಮೀಟರಿಗಿಂತ ಉದ್ದವಾಗಿ. ಡಾಂಬರಿನ ಮೇಲೆ ಬೆಳಕಿಗೆ ಹೊಳೆಯೋ ಕ್ಯಾಟ್ ಐ, ಅಡ್ಡ ಉಬ್ಬುಪಟ್ಟಿ. ಎರಡು ದಿಕ್ಕು ಸೇರೋ ಜಾಗದಲ್ಲಿ ನಡುವೆ ಒಡೆಯದ ಹಳದಿ ಗೆರೆ, ಜೊತೆಗೆ "ಎದುರು ವಾಹನ" ಫಲಕ. ಕಾಮಗಾರಿಯ ಡೈವರ್ಷನ್‌ಗೂ ಇದೇ ನಿಯಮ. ಬಿಳಿ ಬಳಿದ ಕಲ್ಲು, ಮರಳು ಚೀಲ, ಡ್ರಮ್ಮಿಗೆ ಸುತ್ತಿದ ಹಳೇ ಸೀರೆ ಇವು ರಾತ್ರಿ ಬೆಳಕಿಗೆ ಮಿಂಚಲ್ಲ. ಮರಳು ಚೀಲ ಸಾಯಿಸುತ್ತೆ.

ಮೆಕ್ಕೆಜೋಳದ ಕಾಲದಲ್ಲಿ ಇನ್ನೊಂದು ಬೇಡಿಕೆ ಇದೆ. ಸರ್ವಿಸ್ ರಸ್ತೆಯಲ್ಲಿ ಕಾಳು ಒಣ ಹಾಕಿ, ಅಂಚಿಗೆ ಸಾಲಾಗಿ ಕಲ್ಲು ಇಡ್ತಾರೆ. ಕಾಳು ಬಾಚಿಕೊಂಡು ಹೋಗುವಾಗ ಕಲ್ಲು ಅಲ್ಲೇ ಉಳಿಯುತ್ತೆ, ಬೈಕಿನವರು ಕತ್ತಲಲ್ಲಿ ಬೀಳ್ತಾರೆ. ರೈತರಿಗೆ ಕಣ ಇಲ್ಲ ಅನ್ನೋದು ನಿಜ, ಪಂಚಾಯ್ತಿಯಿಂದ ಒಕ್ಕಣೆ ಕಣ ಕಟ್ಟಿಸೋಕೆ ಒತ್ತಾಯಿಸೋಣ. ಅಲ್ಲಿಯವರೆಗೆ ಕಲ್ಲಾದರೂ ಎತ್ತಿಡಿ ಅಂತ ಊರಲ್ಲಿ ಹೇಳಿ.

ಭರಮಸಾಗರ ಕ್ರಾಸ್

ಕೋಟೆಬಾಗಿಲು ಅವರೇ, ದೂರು ಕೊಡೋ ವಿಧಾನ ಬಾಕಿ ಇದೆ.

ಕೋಟೆಬಾಗಿಲು

1033, ಹೆದ್ದಾರಿ ಸಹಾಯವಾಣಿ, ಹಗಲು ರಾತ್ರಿ. ಕೆಟ್ಟು ನಿಂತ ಗಾಡಿ, ಆಂಬುಲೆನ್ಸ್, ಗುಂಡಿ ಎಲ್ಲಕ್ಕೂ. "ಡಾಬಾ ಹತ್ತಿರ" ಅಂದ್ರೆ ಅವರಿಗೆ ಗೊತ್ತಾಗಲ್ಲ. ಕಲ್ಲು ನೋಡಿ ಹೇಳಬೇಕು. ಹೆದ್ದಾರಿಯ ಕಲ್ಲಿನ ತಲೆ ಹಳದಿ. ಪ್ರತಿ ಐದನೇ ಕಿ.ಮೀ. ಕಲ್ಲು ದೊಡ್ಡದು, ನಡುವೆ 200 ಮೀಟರಿಗೊಂದು ಚಿಕ್ಕ ಕಲ್ಲು, ಅದರ ಮೇಲೆ 2, 4, 6, 8 ಅಂತಿರುತ್ತೆ. 214ರ ಕಲ್ಲು ದಾಟಿ 6 ಅಂತಿರೋ ಚಿಕ್ಕ ಕಲ್ಲಿನ ಹತ್ತಿರ ಇದ್ದರೆ 214.600.

ಆಮೇಲೆ ಯಾವ ಬದಿ. ಅಂಕಿ ಏರೋ ದಿಕ್ಕಿಗೆ ಮುಖ ಮಾಡಿ ನಿಂತಾಗ ನಿಮ್ಮ ಎಡಗೈ ಕಡೆ ಇರೋದು ಎಡಬದಿ. 48ರಲ್ಲಿ ಚಿತ್ರದುರ್ಗದಿಂದ ದಾವಣಗೆರೆಗೆ ಹೋಗೋವಾಗ ಅಂಕಿ ಏರುತ್ತೆ, ಆದ್ದರಿಂದ ಆ ಕಡೆ ಹೋಗೋ ರಸ್ತೆ ಎಡಬದಿ, ಬೆಂಗಳೂರಿಗೆ ಬರೋದು ಬಲಬದಿ. ಇದು ತಪ್ಪಿದರೆ ಕ್ರೇನ್ ಎದುರು ಬದಿಗೆ ಬಂದು, ಮುಂದಿನ ತಿರುವು ಹುಡುಕಿ ವಾಪಸ್ ಬರೋಕೆ ಎಷ್ಟೋ ಹೊತ್ತು ಹಿಡಿಯುತ್ತೆ. ಟ್ಯಾಂಕರಿನ ದೂರಾದರೆ ಸಮಯ, ಕಲ್ಲಿನ ಅಂಕಿ, ಬದಿ, ಗಾಡಿ ನಂಬರು ಕಾಣೋ ಫೋಟೋ ಇಷ್ಟು ಇಟ್ಟುಕೊಳ್ಳಿ. ಕರೆ ಮಾಡಿದಾಗ ಕೊಡೋ ದೂರು ಸಂಖ್ಯೆ ಬರೆದುಕೊಳ್ಳಿ. ಮತ್ತೆ ವಿಚಾರಿಸೋಕೆ ಅದೇ ಬೇಕಾಗೋದು.

ಚಂದ್ರವಳ್ಳಿ

ಕಲ್ಲೇ ಕಿತ್ತುಹೋಗಿದ್ದರೆ?

ಕೋಟೆಬಾಗಿಲು

ಹತ್ತಿರದ ಮೋರಿ ಅಥವಾ ಸೇತುವೆಯ ತಡೆಗೋಡೆ ನೋಡಿ ಮೇಡಂ. ಅದರ ತುದಿಯಲ್ಲಿ ಕಿಲೋಮೀಟರ್ ಮತ್ತು ಆ ಕಿಲೋಮೀಟರಿನಲ್ಲಿ ಎಷ್ಟನೇ ಮೋರಿ ಅಂತ, 214/3 ಅನ್ನೋ ರೀತಿ ಕಪ್ಪು ಬಣ್ಣದಲ್ಲಿ ಬರೆದಿರ್ತಾರೆ. ಅದನ್ನ ಓದಿ ಹೇಳಿದರೆ ಸಾಕು.